ಸದ್ದಿಲ್ಲದ ಅಕ್ಷರಕ್ಕೆ ಪದದ ಕೊನೆಯಲ್ಲಿ ಏನು ಕೆಲಸ?

ಈ ಸಲ ಬಂದ ಪತ್ರಗಳಲ್ಲಿ ಒಂದು ಉಳಿದೆಲ್ಲವನ್ನೂ ಹಿಂದೆ ತಳ್ಳಿತು. ಅದರ ಜೊತೆ ಎರಡು ನಾಣ್ಯಗಳ ಫೋಟೊ ಇತ್ತು. ನಾನು 1984ರಿಂದ ಆರು ವರ್ಷ ಮಾಸ್ಕೋದಲ್ಲಿ ಓದಿದವನು ಅಂತ ಈ ಅಂಕಣದ ಹಳೆಯ ಓದುಗರಿಗೆ ಗೊತ್ತು. ಫೋಟೊ ನೋಡಿದ್ದೇ ತಡ, ಇದೇ ಅಕ್ಷರದ ಬಗ್ಗೆ ಹಿಂದೆ ಬಂದು ಕಡತದಲ್ಲಿ ಧೂಳು ಹಿಡಿದಿದ್ದ ಪ್ರಶ್ನೆಗಳನ್ನೂ ಹುಡುಕಿ ತೆಗೆದೆ. ಹಾಗಾಗಿ ಈ ತಿಂಗಳ ಜಾಗ ಪೂರ್ತಿ ಒಂದೇ ಅಕ್ಷರಕ್ಕೆ.

ಒಂದು ತೊಂದರೆ ಇದೆ. ನಮ್ಮ ಅಚ್ಚಿನಲ್ಲಿ ಸಿರಿಲಿಕ್, ಅಂದರೆ ರಷ್ಯನ್ ಬರೆಯುವ ಲಿಪಿಯ, ಅಕ್ಷರಗಳಿಲ್ಲ. ಬಾಯಲ್ಲೇ ಹೇಳುತ್ತೇನೆ, ನೀವು ಕಾಗದದ ಮೇಲೆ ಬರೆದುಕೊಳ್ಳಿ. ಇಂಗ್ಲಿಷಿನ ಸಣ್ಣ ಬಿ ಬರೆಯಿರಿ. ಅದರ ಕಂಬದ ತುದಿಯಿಂದ ಎಡಕ್ಕೆ ಒಂದು ಪುಟ್ಟ ಗೆರೆ ಎಳೆಯಿರಿ, ಟೋಪಿಯ ಅಂಚಿನ ಹಾಗೆ. ಅಷ್ಟೇ. ರಷ್ಯನ್ನರು ಹಿಂದೆ ಇದನ್ನು 'ಯೆರ್' ಎನ್ನುತ್ತಿದ್ದರು. ಈಗ ಅದರ ಹೆಸರು 'ತ್ವ್ಯೋರ್ದಿ ಜ್ನಾಕ್', ಅಂದರೆ ಗಟ್ಟಿ ಗುರುತು. ಬರೆಯಲು ಸುಲಭ ಅಂತ ನಾನು ಯೆರ್ ಎಂದೇ ಕರೆಯುತ್ತೇನೆ.

ಪ್ರಶ್ನೆ: ನನ್ನ ಹತ್ತಿರ ಎರಡು ರಷ್ಯನ್ ನಾಣ್ಯಗಳಿವೆ, ಎರಡೂ 15 ಕೊಪೆಕ್. ಒಂದು 1915ರದು, ಇನ್ನೊಂದು 1961ರದು. ಹಳೆಯದರಲ್ಲಿ ಕೊಪೆಕ್ ಅನ್ನುವ ಪದಕ್ಕೆ ಏಳು ಅಕ್ಷರ ಇದೆ, ಹೊಸದರಲ್ಲಿ ಆರೇ. ಕೊನೆಯದು ಕಾಣೆ. ಟಂಕಸಾಲೆಯವರು ಮರೆತರಾ?

ಮರೆತಿಲ್ಲ. ಬೇಕಂತಲೇ ಬಿಟ್ಟಿದ್ದಾರೆ. ನೀವು ಕಾಣೆ ಎಂದಿರುವುದು ಇದೇ ಯೆರ್. ಭೂತಗನ್ನಡಿ ಇಟ್ಟು ನೋಡಿದರೆ ನಾಲ್ಕನೇ ಅಕ್ಷರವೂ ಬದಲಾಗಿರುವುದು ಕಾಣುತ್ತದೆ. ಅಲ್ಲಿ 'ಯಾತ್' ಎಂಬ ಇನ್ನೊಂದು ಅಕ್ಷರ ಇತ್ತು. ಅದರ ಕಥೆ ಬೇರೆ, ಇವತ್ತು ಬೇಡ.

1915ರಲ್ಲಿ ರಷ್ಯನ್ ಬರವಣಿಗೆಗೆ ಒಂದು ನಿಯಮ ಇತ್ತು. ಪದ ವ್ಯಂಜನದಲ್ಲಿ ಮುಗಿದರೆ ಅದನ್ನು ಹಾಗೇ ಬಿಡುವಂತಿಲ್ಲ. ವ್ಯಂಜನವನ್ನು ಮೆದುವಾಗಿ ಹೇಳುವುದಾದರೆ ಕೊನೆಗೆ 'ಮೆದು ಗುರುತು' ಎಂಬ ಇನ್ನೊಂದು ಅಕ್ಷರ, ಇಲ್ಲದಿದ್ದರೆ ಯೆರ್. 'ಅವನು ಬ್ರೆಡ್ ಕೊಂಡ' ಎನ್ನಲು ರಷ್ಯನ್ನಿನಲ್ಲಿ 'ಓನ್ ಕುಪಿಲ್ ಖ್ಲೆಬ್' ಎನ್ನಬೇಕು. ಮೂರು ಪದ, ಮೂರೂ ವ್ಯಂಜನದಲ್ಲೇ ಮುಗಿಯುತ್ತವೆ. ಹಳೆಯ ಕ್ರಮದಲ್ಲಿ ಬರೆದರೆ ಹದಿನಾಲ್ಕು ಅಕ್ಷರ, ಅದರಲ್ಲಿ ಮೂರು ಯೆರ್. ಒಂದಕ್ಕೂ ಸದ್ದಿಲ್ಲ. ಈಗಿನ ಕ್ರಮದಲ್ಲಿ ಹನ್ನೊಂದೇ ಅಕ್ಷರ. ಇದು ನಾನು ಬೇಕೆಂದೇ ಆರಿಸಿದ ವಾಕ್ಯ, ಒಪ್ಪಿಕೊಳ್ಳುತ್ತೇನೆ. ಆದರೂ ಹಳೆಯ ರಷ್ಯನ್ ಪುಸ್ತಕದ ಯಾವ ಪುಟ ತೆರೆದರೂ ಈ ಟೋಪಿ ಅಂಚಿನ ಅಕ್ಷರ ಕಣ್ಣಿಗೆ ರಾಚುತ್ತದೆ.

ರಷ್ಯನ್ನರಿಗೂ ಇದು ಕಿರಿಕಿರಿಯೇ ಆಗಿತ್ತು. 18ನೇ ಶತಮಾನದಲ್ಲೇ ರಷ್ಯಾದ ದೊಡ್ಡ ವಿದ್ವಾಂಸ ಲೊಮೊನೊಸೊವ್ ಈ ಮೂಕ ಅಕ್ಷರವನ್ನು ಗಾಡಿಯ ಐದನೇ ಚಕ್ರ ಎಂದು ಗೇಲಿ ಮಾಡಿದ್ದರು. ಚಕ್ರ ಕಳಚಿದ್ದು ಮಾತ್ರ 1918ರಲ್ಲಿ. ನಿಮ್ಮ ಎರಡು ನಾಣ್ಯಗಳ ನಡುವೆ ಇರುವುದು ಆ ವರ್ಷವೇ.

ಪ್ರಶ್ನೆ: ಸದ್ದೇ ಇಲ್ಲದ ಅಕ್ಷರವನ್ನು ಯಾರಾದರೂ ಯಾಕೆ ಹುಟ್ಟಿಸುತ್ತಾರೆ? ಅಕ್ಷರ ಇರುವುದೇ ಸದ್ದಿಗೆ ಅಲ್ವಾ?

ಖಂಡಿತ. ಹುಟ್ಟಿದಾಗ ಇದಕ್ಕೂ ಸದ್ದಿತ್ತು. ಆ ಸದ್ದು ಎಂಥದ್ದು ಎನ್ನುವುದು ಕನ್ನಡದವರಿಗೆ ತಿಳಿಯುವಷ್ಟು ಸುಲಭವಾಗಿ ಇಂಗ್ಲಿಷಿನವರಿಗೆ ತಿಳಿಯುವುದಿಲ್ಲ ಅನ್ನುವುದು ನನ್ನ ವಾದ. ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಥೆಸಲೋನಿಕಿಯ ಇಬ್ಬರು ಅಣ್ಣತಮ್ಮಂದಿರು, ಸಿರಿಲ್ ಮತ್ತು ಮೆಥೋಡಿಯಸ್, 863ರ ಸುಮಾರಿಗೆ ಸ್ಲಾವ್ ಜನರ, ಅಂದರೆ ರಷ್ಯನ್ನರು, ಬಲ್ಗೇರಿಯನ್ನರು ಮುಂತಾದವರ ಬಳಗದ, ಮಾತಿಗೆ ಲಿಪಿ ಕೊಟ್ಟರು. ಅದು ಈಗ ನಾವು ನೋಡುವ ಸಿರಿಲಿಕ್ ಅಲ್ಲ. ಗ್ಲಾಗೊಲಿತ್ಸ ಎಂಬ ಬೇರೆಯೇ ಲಿಪಿ, ಸುರುಳಿ ಸುರುಳಿಯಾದ ಅಕ್ಷರಗಳು. ಅವರ ಶಿಷ್ಯರು ಮುಂದೆ ಬಲ್ಗೇರಿಯಾಕ್ಕೆ ಬಂದು ನೆಲೆಸಿದರು. ಅಲ್ಲಿನ ಪ್ರೆಸ್ಲಾವ್ ಸುತ್ತಮುತ್ತ, 9ನೇ ಶತಮಾನದ ಕೊನೆಯ ಹೊತ್ತಿಗೆ, ಗ್ರೀಕ್ ಅಕ್ಷರಗಳನ್ನೇ ಬುನಾದಿಯಾಗಿ ಇಟ್ಟುಕೊಂಡು ಇನ್ನೊಂದು ಲಿಪಿ ಬೆಳೆಯಿತು. ಗುರುವಿನ ಹೆಸರು ಇದಕ್ಕೆ ಅಂಟಿಕೊಂಡಿತು. ಗ್ರೀಕರ 24 ಅಕ್ಷರ ಸ್ಲಾವ್ ಬಾಯಿಗೆ ಸಾಲಲಿಲ್ಲ. ಖ್ರಾಬರ್ ಎಂಬ ಬಲ್ಗೇರಿಯನ್ ಸನ್ಯಾಸಿ ಆ ಕಾಲದಲ್ಲೇ ಲೆಕ್ಕ ಬರೆದಿಟ್ಟಿದ್ದಾನೆ: ಒಟ್ಟು 38 ಅಕ್ಷರ, 24 ಗ್ರೀಕಿನ ಹಾಗೆ, 14 ಸ್ಲಾವ್ ಸದ್ದುಗಳಿಗಾಗಿ. ಗ್ರೀಕರಲ್ಲಿ ಇಲ್ಲದ ಅಂಥ ಸದ್ದುಗಳಲ್ಲಿ ಒಂದು ನಮ್ಮ ಯೆರ್.

ಅದು ತೀರಾ ಗಿಡ್ಡನೆಯ ಒಂದು 'ಉ'. ಪೂರ್ತಿ ಉ ಅಲ್ಲ, ಬಾಯಿ ಮುಚ್ಚುವ ಮೊದಲು ಜಾರಿಬಿಡುವ ಅರ್ಧ ಉ.

ಆಗಿನ ಸ್ಲಾವ್ ಮಾತಿನಲ್ಲಿ ಪದಗಳು ಸ್ವರದಲ್ಲೇ ಮುಗಿಯಬೇಕಿತ್ತು. ಇದನ್ನು ಓದಿದಾಗ ನನಗೆ ನಗು ಬಂತು. ನಮ್ಮ ಮನೆಯ ಕಥೆಯೇ ಇದು! ಬಸ್ ಬಂದರೆ ಬಸ್ಸು ಮಾಡುತ್ತೇವೆ. ಕಾರ್ ಕಾರಾಗುವುದಿಲ್ಲ, ಕಾರು ಆಗುತ್ತದೆ. ಬ್ಯಾಂಕು, ಪೆನ್ನು, ಸೋಪು, ಎಲ್ಲದರ ಬಾಲಕ್ಕೂ ಒಂದು ಉ. ಬರೆಯುವಾಗ ಅದು ಗಟ್ಟಿಯಾಗಿ ಕೂತಿರುತ್ತದೆ. ಮಾತಾಡುವಾಗ ಏನಾಗುತ್ತದೆ? 'ಹಾಲು ತಗೊಂಡು ಬಾ' ಎಂದು ಬರೆದವರೇ 'ಹಾಲ್ ತಗೊಂಡ್ ಬಾ' ಎನ್ನುತ್ತಾರೆ. ಎರಡು ಉ ನುಂಗಿಹೋದವು. ಯಾರಿಗೂ ಗೊತ್ತೇ ಆಗಲಿಲ್ಲ.

ರಷ್ಯನ್ನಿನಲ್ಲಿ ಆದದ್ದೂ ಇದೇ. 12ನೇ ಶತಮಾನ ಮುಗಿದು 13ನೆಯದು ಕಾಲಿಡುವ ಹೊತ್ತಿಗೆ ಪದದ ಕೊನೆಯ ಉ ಬಾಯಿಂದ ಮಾಯವಾಯಿತು. ಕೈ ಮಾತ್ರ ಬರೆಯುತ್ತಲೇ ಇತ್ತು, ಇನ್ನೂ ಏಳು ಶತಮಾನ. ಆಗ ಪದಗಳ ನಡುವೆ ಜಾಗ ಬಿಟ್ಟು ಬರೆಯುವ ಪದ್ಧತಿ ಇರಲಿಲ್ಲ, ಸಾಲೆಲ್ಲ ಒಂದೇ ಸರ. ಇಲ್ಲಿಗೆ ಒಂದು ಪದ ಮುಗಿಯಿತು ಎಂದು ತೋರಿಸುವುದಕ್ಕೆ ಯೆರ್ ಅನುಕೂಲವಾಗಿಯೇ ಇತ್ತು. ಸದ್ದು ಹೋದ ಮೇಲೂ ಕೆಲಸ ಸಿಕ್ಕಿತು ಎನ್ನಿ.

ಇನ್ನೂ ಒಂದು ಹೆಜ್ಜೆ ಮುಂದೆ ಹೋಗೋಣ. 'ಬಾಗಿಲು' ಎನ್ನುವ ಪದ ತೆಗೆದುಕೊಳ್ಳಿ. ಅವಸರದಲ್ಲಿ ಕೆಲವರು 'ಬಾಗ್ಲು ಹಾಕು' ಎನ್ನುತ್ತಾರೆ, ಕೆಲವರು 'ಬಾಗಿಲ್ ಹಾಕು' ಎನ್ನುತ್ತಾರೆ. ಕೊನೆಯ ಉ ಉಳಿಸಿಕೊಂಡರೆ ನಡುವಿನ ಇ ಬೀಳುತ್ತದೆ. ಕೊನೆಯದನ್ನು ನುಂಗಿದರೆ ನಡುವಿನದು ಉಳಿಯುತ್ತದೆ. ಎರಡನ್ನೂ ನುಂಗಿ 'ಬಾಗ್ಲ್' ಎನ್ನುವವರನ್ನು ನಾನು ಕಂಡಿಲ್ಲ. ಹೆಗಲು, ಕೂದಲು, ಎಲ್ಲದಕ್ಕೂ ಹೀಗೇ ಮಾಡಿ ನೋಡಿ.

ಈಗ ರಷ್ಯನ್ನಿಗೆ ಬನ್ನಿ. ನಿದ್ದೆಗೆ, ಕನಸಿಗೆ ಅಲ್ಲಿ 'ಸೋನ್'. 'ನಿದ್ದೆಯ' ಎನ್ನಬೇಕಾದರೆ 'ಸ್ನಾ'. ನಡುವಿನ ಓ ಎಲ್ಲಿ ಹೋಯಿತು ಅಂತ ಪ್ರತಿ ವಿದ್ಯಾರ್ಥಿಯೂ ತಲೆ ಕೆರೆದುಕೊಳ್ಳುತ್ತಾನೆ. ಹಳೆಯ ಕಾಲದಲ್ಲಿ ಈ ಪದದಲ್ಲಿ ಎರಡು ಯೆರ್ ಇದ್ದವು, 'ಸುನು' ಎನ್ನುವ ಹಾಗೆ. ಕೊನೆಯದು ಬಿತ್ತು, ಅದರ ಹಿಂದಿನದಕ್ಕೆ ಬಲ ಬಂದು ಓ ಆಯಿತು: ಸೋನ್. ಇದು ಅವರ 'ಬಾಗಿಲ್'. ಆದರೆ 'ಸುನಾ' ಎನ್ನುವಲ್ಲಿ ಕೊನೆಗೆ ಗಟ್ಟಿ ಆ ಇದೆ, ಅದು ಬೀಳುವುದಿಲ್ಲ. ಹಾಗಾಗಿ ನಡುವಿನದು ಬಿತ್ತು: ಸ್ನಾ. ಇದು ಅವರ 'ಬಾಗ್ಲು'. ಈ ನಿಯಮವನ್ನು 1889ರಲ್ಲಿ ವಿವರಿಸಿದ್ದು ಹಾವ್ಲೀಕ್ ಎಂಬ ಚೆಕ್ ವಿದ್ವಾಂಸ. ಅವರ ಹೆಸರಲ್ಲೇ ಈಗಲೂ ಕರೆಯುತ್ತಾರೆ.

ಇದೆಲ್ಲ ಊಹೆ ಅಲ್ಲ, ಸಾಕ್ಷಿ ಇದೆ. ನೊವ್ಗೊರೊದ್ ಊರಿನ ಕೆಸರಿನಲ್ಲಿ 1951ರ ಜುಲೈ 26ರಂದು ಬರ್ಚ್ ಮರದ ತೊಗಟೆಯ ಮೇಲೆ ಕೊರೆದ ಮೊದಲ ಪತ್ರ ಸಿಕ್ಕಿತು. ಆಮೇಲೆ ಸಾವಿರಕ್ಕೂ ಜಾಸ್ತಿ ಸಿಕ್ಕಿವೆ. ಸಾಲದ ಲೆಕ್ಕ, ಮನೆಯ ಜಗಳ, ಆನ್ಫಿಮ್ ಎಂಬ ಹುಡುಗ ತಿದ್ದಿದ ಅಕ್ಷರಮಾಲೆ, ಪಕ್ಕದಲ್ಲೇ ಅವನು ಗೀಚಿದ ಕುದುರೆ. ಈ ಪತ್ರಗಳಲ್ಲಿ ಬಹಳಷ್ಟು ಜನ ಯೆರ್ ಬರೆಯಬೇಕಾದಲ್ಲಿ ಓ, ಓ ಬರೆಯಬೇಕಾದಲ್ಲಿ ಯೆರ್ ಹಾಕಿದ್ದಾರೆ. ಓದುವವರಿಗೂ ಅದು ಅಡ್ಡಿ ಅನಿಸಿಲ್ಲ. ಮಠದ ಪುಸ್ತಕಗಳಲ್ಲಿ ಯೆರ್ ಅಚ್ಚುಕಟ್ಟಾಗಿ ಕೂತಿದ್ದರೆ, ಸಂತೆಯವರ ತೊಗಟೆಯ ಮೇಲೆ ಅದು ಆಗಲೇ ಅಲ್ಲಾಡುತ್ತಿತ್ತು.

ನನಗೆ ಬಹಳ ಇಷ್ಟವಾದದ್ದನ್ನು ಕೊನೆಗೆ ಇಟ್ಟುಕೊಂಡಿದ್ದೇನೆ. ರಷ್ಯನ್ನಿನಲ್ಲಿ ಮಗನಿಗೆ 'ಸಿನ್'. ಹಳೆಯ ಕ್ರಮದಲ್ಲಿ ಕೊನೆಗೊಂದು ಯೆರ್. ಇದು ಬೇರೆ ಏನೂ ಅಲ್ಲ, ನಮಗೆ 'ಪವನಸೂನು' ಎಂಬಲ್ಲಿ ಪರಿಚಯವಿರುವ ಸಂಸ್ಕೃತದ 'ಸೂನು'ವಿನ ಸೋದರ. ಸೂನುವಿನ ಕೊನೆಯ ಉ ಇದೆಯಲ್ಲ, ಅದೇ ಆ ಯೆರ್! ಮೊದಲಿನ ದೀರ್ಘ ಊ ಬೇರೊಂದು ಅಕ್ಷರವಾಯಿತು. ಆ ಅಕ್ಷರವನ್ನು ಕಟ್ಟಿದ್ದೂ ಯೆರ್ ಪಕ್ಕದಲ್ಲಿ ಒಂದು ಇ ನಿಲ್ಲಿಸಿ. ಮೇಲೆ ಹೇಳಿದ ನಿದ್ದೆಯ ಯೆರ್ ಕೂಡ 'ಸುಪ್ತ' ಎನ್ನುವಲ್ಲಿನ ಉ. ಇಷ್ಟು ತಿಳಿದ ಮೇಲೆ ಅದನ್ನು ಐದನೇ ಚಕ್ರ ಎನ್ನಲು ನನಗೆ ಮನಸ್ಸು ಬರುವುದಿಲ್ಲ.

ನಾಣ್ಯದ ಓದುಗರಿಗೆ ಒಂದು ಮಾತು: ನಿಮ್ಮ 'ಹದಿನೈದು ಕೊಪೆಕ್'ನ ಕೊನೆಯ ಯೆರ್ ಸುಮ್ನೆ ಅಂಟಿಸಿದ್ದಲ್ಲ. ಒಂದು ಕಾಲಕ್ಕೆ ಅದೇ ಬಹುವಚನದ ಷಷ್ಠಿ ಪ್ರತ್ಯಯ. ಈಗಿನ ವ್ಯಾಕರಣದ ಪುಸ್ತಕ ಅಲ್ಲಿ 'ಸೊನ್ನೆ ಪ್ರತ್ಯಯ' ಎಂದು ಬರೆಯುತ್ತದೆ.

ಪ್ರಶ್ನೆ: ನಾನು ರಷ್ಯನ್ ಕಲಿಯುತ್ತಿದ್ದೇನೆ. ಈ ಗಟ್ಟಿ ಗುರುತನ್ನು ಉಚ್ಚರಿಸಬೇಡಿ ಅಂತಾರೆ, ಬರೆಯದಿದ್ದರೆ ಅಂಕ ಕಳೆಯುತ್ತಾರೆ. ಇದು ಯಾವ ನ್ಯಾಯ?

ಅಂಕ ಕಳೆದರೆ ಪುಣ್ಯ. ನನಗೆ ಮರ್ಯಾದೆಯೇ ಹೋಗಿತ್ತು.

ಮಾಸ್ಕೋದಲ್ಲಿ ಹೊರದೇಶದ ವಿದ್ಯಾರ್ಥಿಗಳಿಗೆ ಮೊದಲ ವರ್ಷ ಬರೀ ಭಾಷೆಯ ಪಾಠ. 'ಪೊದ್‌ಫಾಕ್' ಅನ್ನುತ್ತಿದ್ದೆವು. ಮೂರನೆಯ ತಿಂಗಳಿರಬೇಕು. ಹಾಸ್ಟೆಲಿನಲ್ಲಿ ಕೋಣೆಯ ಜೊತೆಗಾರ ರಾತ್ರಿ ತಡವಾಗಿ ಬರುವವನಿದ್ದ. ಊಟಕ್ಕೆ ಕಾಯಬೇಡ, ನಂದಾಯ್ತು ಅಂತ ಅವನಿಗೊಂದು ಚೀಟಿ ಬರೆದು ಬಾಗಿಲಿಗೆ ಸಿಕ್ಕಿಸಿದೆ. 'ನಾನು ಆಗಲೇ ತಿಂದೆ' ಎನ್ನುವುದಕ್ಕೆ 'ಯಾ ಉಝೆ ಸ್‌ಯೆಲ್'. ಸ್ ಆದ ಮೇಲೆ ಒಂದು ಯೆರ್ ಬರಬೇಕು. ಹೇಗಿದ್ದರೂ ಸದ್ದಿಲ್ಲವಲ್ಲ ಅಂತ ಬಿಟ್ಟೆ. ಯೆರ್ ಬಿಟ್ಟರೆ ಅದು 'ಸೆಲ್' ಆಗುತ್ತದೆ. ಅರ್ಥ, 'ನಾನು ಆಗಲೇ ಕೂತೆ'. ಆಡುಮಾತಿನಲ್ಲಿ 'ಕೂತೆ' ಎಂದರೆ ಜೈಲಿಗೆ ಹೋದೆ ಅಂತಲೂ ಆಗುತ್ತದೆ. ಬೆಳಿಗ್ಗೆ ಎದ್ದು ನೋಡಿದರೆ ಚೀಟಿಯ ಕೆಳಗೆ ಬೇರೆ ಬೇರೆ ಕೈಬರಹದಲ್ಲಿ ಮೂರು ಸಾಲು. ಮೊದಲನೆಯದು: 'ಎಷ್ಟು ವರ್ಷಕ್ಕೆ?' ಉಳಿದೆರಡನ್ನು ಇಲ್ಲಿ ಅಚ್ಚು ಹಾಕುವಂತಿಲ್ಲ.

ಯೆರ್‌ಗೆ ತನ್ನ ಸದ್ದಿಲ್ಲ, ನಿಜ. ಆದರೆ ಪಕ್ಕದವರನ್ನು ಅದು ಬೇರೆ ಇಡುತ್ತದೆ. 'ಪೊದ್' ಎಂಬ ಉಪಸರ್ಗಕ್ಕೆ 'ಯೆಜ್ದ್' ಸೇರಿದಾಗ ದ್ ಹೋಗಿ ಯೆಗೆ ಅಂಟಿಕೊಳ್ಳಬಾರದು. ನಡುವೆ ಯೆರ್ ನಿಲ್ಲುತ್ತದೆ: ಪೊದ್‌ಯೆಜ್ದ್. ಅಪಾರ್ಟ್‌ಮೆಂಟಿನ ಒಂದೊಂದು ಮೆಟ್ಟಿಲ ಬಾಗಿಲಿಗೂ ರಷ್ಯನ್ನರು ಹೀಗೆ ಕರೆಯುತ್ತಾರೆ. ಅಲ್ಲಿ ಯಾರ ಮನೆಗೆ ಹೋಗಬೇಕಾದರೂ ವಿಳಾಸದಲ್ಲಿ ಈ ಪದ ಸಿಕ್ಕೇ ಸಿಗುತ್ತದೆ. ಪ್ರಕಟಣೆಗೆ 'ಒಬ್‌ಯಾವ್ಲೇನಿಯೆ', ಮಹಾಸಭೆಗೆ 'ಸ್‌ಯೆಜ್ದ್'. ಎಲ್ಲದರಲ್ಲೂ ಉಪಸರ್ಗದ ಗಡಿಯಲ್ಲಿ ಯೆರ್ ಕಾವಲು.

ನೀವು ಕಂಪ್ಯೂಟರಿನಲ್ಲಿ ಕನ್ನಡ ಟೈಪ್ ಮಾಡುವವರಾದರೆ ಇದನ್ನು ದಿನಾ ಮಾಡುತ್ತೀರಿ. 'ರಾಜ್‌ಕುಮಾರ್' ಎಂದು ಹೊಡೆಯುವಾಗ ಕ ಹೋಗಿ ಜ ಕೆಳಗೆ ಒತ್ತಕ್ಷರವಾಗಿ ಕೂರದಂತೆ ನಡುವೆ ಒಂದು ಕಾಣದ ಗುರುತು ಹಾಕುತ್ತೇವೆ. ಅದಕ್ಕೂ ಸದ್ದಿಲ್ಲ. ಬಿಟ್ಟು ನೋಡಿ, 'ರಾಜ್ಕುಮಾರ್' ಆಗುತ್ತದೆ. ರಷ್ಯನ್ನರ ಗುರುತು ಕಣ್ಣಿಗೆ ಕಾಣುತ್ತದೆ, ನಮ್ಮದು ಕಾಣುವುದಿಲ್ಲ. ವ್ಯತ್ಯಾಸ ಇಷ್ಟೇ.

ಪ್ರಶ್ನೆ: ಕ್ರಾಂತಿಯಾದಾಗ ಬೊಲ್ಷೆವಿಕರು ಒಂದು ಅಕ್ಷರವನ್ನೇ ನಿಷೇಧಿಸಿದರು, ಸೈನಿಕರು ಮುದ್ರಣಾಲಯಗಳಿಗೆ ನುಗ್ಗಿ ಅಚ್ಚಿನ ಮೊಳೆಗಳನ್ನು ಹೊತ್ತುಕೊಂಡು ಹೋದರು ಎಂದು ಎಲ್ಲೋ ಓದಿದೆ. ನಿಜವೇ?

ಅರ್ಧ ನಿಜ.

ಮೊದಲನೆಯದಾಗಿ, ಈ ಸುಧಾರಣೆ ಬೊಲ್ಷೆವಿಕರ ತಲೆಯಿಂದ ಬಂದದ್ದಲ್ಲ. ತ್ಸಾರ್ ಇದ್ದಾಗಲೇ, 1904ರಲ್ಲಿ, ವಿಜ್ಞಾನ ಅಕಾಡೆಮಿ ಒಂದು ಸಮಿತಿ ಮಾಡಿತ್ತು. ಫೊರ್ತುನಾತೊವ್, ಶಾಖ್ಮತೊವ್ ಮುಂತಾದ ಘಟಾನುಘಟಿ ಭಾಷಾ ಪಂಡಿತರು ಅದರಲ್ಲಿದ್ದರು. ವರದಿ ತಯಾರಾಗಿ ಬಹಳ ದಿನ ಕಪಾಟಿನಲ್ಲಿ ಮಲಗಿತ್ತು. ಬೊಲ್ಷೆವಿಕರು ಮಾಡಿದ್ದು ಅದನ್ನು ಎಬ್ಬಿಸಿ, ಹೂಂ ಇನ್ನು ಎಲ್ಲರೂ ಹೀಗೇ ಬರೆಯಿರಿ ಅಂದದ್ದು. ಶಿಕ್ಷಣ ಕಮಿಸಾರ್, ಅಂದರೆ ಮಂತ್ರಿ, ಲುನಚಾರ್ಸ್ಕಿಯ ಆಜ್ಞೆ ಹಳೆಯ ಪಂಚಾಂಗದಂತೆ 1917ರ ಡಿಸೆಂಬರ್ 23ಕ್ಕೆ ಬಂತು. ಹೊಸ ಲೆಕ್ಕದಲ್ಲಿ 1918ರ ಜನವರಿ 5. ಅದೇ 1918ರ ಅಕ್ಟೋಬರಿನಲ್ಲಿ ಇನ್ನೊಂದು ಆಜ್ಞೆ. ಯಾತ್ ಸೇರಿ ಕೆಲವು ಅಕ್ಷರಗಳು ಪೂರ್ತಿ ಹೋದವು. ಯೆರ್ ವಿಷಯದಲ್ಲಿ ಹೇಳಿದ್ದು ಇಷ್ಟೇ: ಪದದ ಕೊನೆಯಲ್ಲಿ ಬೇಡ, ನಡುವೆ ಬೇರ್ಪಡಿಸಲು ಇರಲಿ.

ಈ ಎರಡನೇ ಅರ್ಧವನ್ನು ಕೆಲವರು ಓದಲೇ ಇಲ್ಲವೇನೋ. ಪೆಟ್ರೊಗ್ರಾದ್‌ನಲ್ಲಿ (ಈಗಿನ ಸೇಂಟ್ ಪೀಟರ್ಸ್‌ಬರ್ಗ್) ಹಟಮಾರಿ ಪ್ರಕಾಶಕರು ಹಳೆಯ ಕ್ರಮ ಬಿಡಲಿಲ್ಲವಂತೆ. ಆಗ ಬಾಲ್ಟಿಕ್ ನಾವಿಕರು ಮುದ್ರಣಾಲಯದಿಂದ ಮುದ್ರಣಾಲಯಕ್ಕೆ ಹೋಗಿ, ಯೆರ್ ಇದ್ದ ಖಾನೆಯನ್ನೇ ಬಗ್ಗಿಸಿ, ಸೀಸದ ಮೊಳೆಗಳನ್ನು ತುಂಬಿಕೊಂಡು ಹೋದರಂತೆ. ಈ ಕಥೆಯನ್ನು ಅಲ್ಲಿ ಎಲ್ಲರೂ ಹೇಳುತ್ತಾರೆ, ನನಗೂ ಪಾಠದ ನಡುವೆ ಹೇಳಿದ್ದರು. ಕಥೆಗೆ ಬಣ್ಣ ಎಷ್ಟಾದರೂ ಬಳಿದಿರಲಿ, ಅದರ ಗುರುತು ಪುಸ್ತಕಗಳಲ್ಲಿದೆ. 1920ರ ದಶಕದ ರಷ್ಯನ್ ಪುಸ್ತಕ ಕೈಗೆ ಸಿಕ್ಕರೆ ನೋಡಿ, 'ಸ್‌ಯೆಜ್ದ್'ನ ನಡುವೆ ಯೆರ್ ಇರಬೇಕಾದಲ್ಲಿ ಮೇಲೊಂದು ಅಲ್ಪವಿರಾಮದಂಥ ಚುಕ್ಕೆ ಇರುತ್ತದೆ, ಅಪಾಸ್ಟ್ರಫಿ. ಮೊಳೆ ಇಲ್ಲದವರು ಏನು ಮಾಡಬೇಕು? ಕೈಗೆ ಸಿಕ್ಕಿದ್ದನ್ನು ಜೋಡಿಸಿದರು. ಆಮೇಲೆ ಯೆರ್ ನಡುವಿನ ಜಾಗಕ್ಕೆ ವಾಪಸ್ ಬಂತು.

ಉಕ್ರೇನಿಯನ್ ಮತ್ತು ಬೆಲರೂಸಿಯನ್ನಿನಲ್ಲಿ ಮಾತ್ರ ಈ ಕೆಲಸಕ್ಕೆ ಇವತ್ತಿಗೂ ಅಪಾಸ್ಟ್ರಫಿಯೇ. ಅವರ ಅಕ್ಷರಮಾಲೆಯಲ್ಲಿ ಯೆರ್ ಇಲ್ಲವೇ ಇಲ್ಲ.

ದೇಶ ಬಿಟ್ಟು ಪ್ಯಾರಿಸ್, ಬರ್ಲಿನ್ ಸೇರಿದ ರಷ್ಯನ್ನರಲ್ಲಿ ಹಲವರು ಹಟಕ್ಕೆ ಬಿದ್ದು ಕೊನೆಯ ಯೆರ್ ಉಳಿಸಿಕೊಂಡರು. ಎಷ್ಟೋ ವರ್ಷ ಯೆರ್ ಇದೆಯೋ ಇಲ್ಲವೋ ನೋಡಿಯೇ ಪತ್ರಿಕೆ ಯಾರ ಕಡೆಯದು ಎಂದು ಹೇಳಬಹುದಿತ್ತು. ನಮ್ಮ ಹಳಗನ್ನಡದ ೞ, ಱ ಎರಡೂ ಯಾರ ಆಜ್ಞೆಯೂ ಇಲ್ಲದೆ, ಯಾರ ಜೊತೆಗೂ ಜಗಳವಾಡದೆ ಎದ್ದು ಹೋದವು. ಪಾಪ, ಅವಕ್ಕಾಗಿ ಯಾರೂ ದೇಶ ಬಿಡಲಿಲ್ಲ.

ಪ್ರಶ್ನೆ: ಬಲ್ಗೇರಿಯಾದ ಅಂಚೆಚೀಟಿ ಸಂಗ್ರಹಿಸುತ್ತೇನೆ. ದೇಶದ ಹೆಸರಿನಲ್ಲಿ ಎರಡನೆಯ ಅಕ್ಷರವೇ ಈ ಗಟ್ಟಿ ಗುರುತು. ಅಲ್ಲಿ ಏನನ್ನು ಬೇರ್ಪಡಿಸುತ್ತದೆ?

ಏನನ್ನೂ ಇಲ್ಲ. ಅಲ್ಲಿ ಅದು ಬಾಯಿ ಬಿಟ್ಟು ಮಾತಾಡುತ್ತದೆ.

ನನಗೆ ಇದು ಗೊತ್ತಾದದ್ದು ಒಂದು ಚಿಲ್ಲರೆ ನಾಣ್ಯದಿಂದ. ಹಾಸ್ಟೆಲಿನ ಅದೇ ಮಹಡಿಯಲ್ಲಿ ಬಲ್ಗೇರಿಯಾದ ಪ್ಲೊವ್ದಿವ್ ಕಡೆಯ ಒಬ್ಬ ಹುಡುಗನಿದ್ದ. ಒಂದು ದಿನ ನೆನಪಿಗಿರಲಿ ಅಂತ 20 ಸ್ತೊತಿಂಕಿ ನಾಣ್ಯ ಕೊಟ್ಟ. ಸುತ್ತ ಬರೆದಿದ್ದನ್ನು ನಾನು ಜೋರಾಗಿ ಓದಿದೆ: ನಾರೊದ್ನಾ ರೆಪುಬ್ಲಿಕಾ... ಮೂರನೆಯ ಪದಕ್ಕೆ ಬಂದಾಗ ರಷ್ಯನ್ ಅಭ್ಯಾಸದಲ್ಲಿ ಯೆರ್ ನುಂಗಿ 'ಬ್ಲ್ಗಾರಿಯಾ' ಎಂದು ಗಂಟಲು ಕಟ್ಟಿದವನಂತೆ ಹೇಳಿದೆ. ಹುಡುಗನಿಗೆ ಕೋಪ ಬಂತು. 'ಅಲ್ಲಿ ಸ್ವರ ಇದೆ! ನಮ್ಮ ಅಕ್ಷರವನ್ನು ಮೂಕ ಮಾಡಿದ್ದು ರಷ್ಯನ್ನರು' ಅಂದ. ಆಮೇಲೆ ತಾನೇ ಹೇಳಿ ತೋರಿಸಿದ. ಕೇಳಿದ ತಕ್ಷಣ ನಾನು ನಕ್ಕುಬಿಟ್ಟೆ. ಅದು ಹೆಚ್ಚುಕಮ್ಮಿ ನಮ್ಮ 'ಅ'! ರಷ್ಯನ್ ಸಹಪಾಠಿಗಳು ನಾಲಿಗೆ ತಿರುಚಿ ಒದ್ದಾಡುತ್ತಿದ್ದ ಸದ್ದು ನನಗೆ ಮೊದಲ ಸಲಕ್ಕೇ ಬಂತು. 'ಮನೆ' ಎನ್ನುವಾಗ ಮ ಜೊತೆ ಬರುವ ಅ ಹೇಳಿ, ಸಾಕು. ಬಲ್ಗಾರಿಯಾ. ನಾವು ಇಂಗ್ಲಿಷಿನ ದಾರಿಯಲ್ಲಿ 'ಬಲ್ಗೇರಿಯಾ' ಎಂದು ಬರೆದರೂ ಮೊದಲ ಅಕ್ಷರ ಅದೃಷ್ಟಕ್ಕೆ ಸರಿಯಾಗಿದೆ.

ಬಲ್ಗೇರಿಯನ್ನಿನಲ್ಲಿ ಇದರ ಹೆಸರು 'ಯೆರ್ ಗೊಲ್ಯಾಮ್', ದೊಡ್ಡ ಯೆರ್. 30 ಅಕ್ಷರಗಳಲ್ಲಿ 27ನೆಯದು. ಬಳಕೆ ಅಷ್ಟಿಷ್ಟಲ್ಲ. ಮೂಲೆಗೆ 'ಅಗಲ್', ಎರಡು ಅ, ಎರಡೂ ಯೆರ್. ಕನಸಿಗೆ 'ಸನ್', ರಷ್ಯನ್ನಿನ ಸೋನ್. ಮಗಳಿಗೆ 'ದಶ್ತೆರ್ಯಾ', ಸಂಸ್ಕೃತದ 'ದುಹಿತೃ'ವಿನ ಅಕ್ಕ. ದುಹಿತೃವಿನ ಉ ಇಲ್ಲಿ ಯೆರ್ ಆಗಿ ಕೂತಿದೆ. ದಾರಿಗೆ 'ಪತ್'. ಇದನ್ನು ಕೇಳಿದವರು ಪಥ ಅಲ್ವಾ ಅನ್ನುತ್ತೀರಿ. ಹೌದು, ನೆಂಟಸ್ತಿಕೆ ನಿಜ. ಆದರೆ ಇಲ್ಲಿನ ಯೆರ್ ಹಳೆಯ ಉ ಅಲ್ಲ. ಮೊದಲು ಅಲ್ಲಿ ಮೂಗಿನ ಸ್ವರದ ಇನ್ನೊಂದು ಅಕ್ಷರ ಇತ್ತು, 'ಪಂಥ' ಎನ್ನುವಲ್ಲಿ ಉಳಿದಿರುವ ಸೊನ್ನೆಯ ಜೊತೆಯದು. 1945ರ ಸುಧಾರಣೆಯಲ್ಲಿ ಆ ಅಕ್ಷರ ತೆಗೆದು ಹೆಚ್ಚಿನ ಕಡೆ ಯೆರ್ ಹಾಕಿದರು. ಅದೇ ಸುಧಾರಣೆಯಲ್ಲಿ ಪದದ ಕೊನೆಯ ಮೂಕ ಯೆರ್ ತೆಗೆದರು. ಹೌದು, ಅಲ್ಲಿಯೂ ಅದೊಂದು ಇತ್ತು. ಪ್ಲೊವ್ದಿವ್ ಹುಡುಗ ಅದನ್ನು ನನಗೆ ಹೇಳಿರಲಿಲ್ಲ.

ಹಾಗಾಗಿ ಅಂಚೆಚೀಟಿಗಳಲ್ಲಿ 1945ಕ್ಕೆ ಮುಂಚಿನವನ್ನು ಬೇರೆ ಇಟ್ಟು, ವ್ಯಂಜನದಲ್ಲಿ ಮುಗಿಯುವ ಪದಗಳ ಬಾಲ ನೋಡಿ.

ಪ್ರಶ್ನೆ: ಈ ಅಕ್ಷರದಿಂದ ಶುರುವಾಗುವ ಪದ ಇದೆಯೇ?

ರಷ್ಯನ್ನಿನಲ್ಲಿ ಇಲ್ಲ. ಬಲ್ಗೇರಿಯನ್ನಿನಲ್ಲಿ ಬೆರಳೆಣಿಕೆ, ಮೇಲೆ ಹೇಳಿದ 'ಅಗಲ್' ಅದರಲ್ಲಿ ಮುಖ್ಯ. ಈಗ ಇಂಗ್ಲಿಷಿನಿಂದ 'ಅಪ್‌ಗ್ರೇಡ್' ಬಂದು ಸೇರಿದೆ. ಅದನ್ನೂ ಯೆರ್‌ನಿಂದಲೇ ಶುರು ಮಾಡುತ್ತಾರೆ.

ಪ್ರಶ್ನೆ: ರಷ್ಯಾದ ಒಂದು ದೊಡ್ಡ ಪತ್ರಿಕೆಯ ಗುರುತೇ ಈ ಅಕ್ಷರ. ನಿಷೇಧವಾದದ್ದು ಮತ್ತೆ ಹೇಗೆ ಬಂತು?

ನೀವು ಹೇಳುತ್ತಿರುವುದು 'ಕೊಮ್ಮೆರ್ಸಾಂತ್'. ವ್ಯಾಪಾರಿ ಎಂದು ಅರ್ಥ. 1990ರ ಸುಮಾರಿಗೆ, ಸೋವಿಯತ್ ಒಕ್ಕೂಟ ಅಲ್ಲಾಡುತ್ತಿದ್ದಾಗ ಶುರುವಾದ ಪತ್ರಿಕೆ. ಹೆಸರಿನ ಕೊನೆಗೆ ಬೇಕೆಂದೇ ಯೆರ್ ಹಾಕಿದರು. ನಾವು ಕ್ರಾಂತಿಗೆ ಮುಂಚಿನವರ ಮುಂದುವರಿಕೆ, ನಡುವಿನದ್ದು ನಮಗೆ ಲೆಕ್ಕಕ್ಕಿಲ್ಲ ಅಂತ ಒಂದೇ ಅಕ್ಷರದಲ್ಲಿ ಹೇಳಿದ ಹಾಗಾಯಿತು. ಜಾಣತನ ಅಂದರೆ ಇದು. ತನ್ನ ಬಗ್ಗೆ ತಾನೇ ಬರೆಯುವಾಗ ಆ ಪತ್ರಿಕೆ ಪೂರ್ತಿ ಹೆಸರನ್ನೂ ಹಾಕುವುದಿಲ್ಲ, ಬರೀ ಯೆರ್.

ಆಮೇಲೆ ಇದು ಶೋಕಿ ಆಯಿತು. ಹೋಟೆಲು, ಬ್ಯಾಂಕು, ಪಾನಶಾಲೆ, ಎಲ್ಲರಿಗೂ ಹಳೇ ಕಾಲದ ಠೀವಿ ಬೇಕು. ಬೋರ್ಡಿನ ಕೊನೆಗೆ ಒಂದು ಯೆರ್ ಜಡಿದರೆ ಮುಗಿಯಿತು. ನಾನು ಮತ್ತೆ ಮಾಸ್ಕೋಗೆ ಹೋದಾಗ ಒಂದು ಅಂಗಡಿಯ ಬೋರ್ಡಿನಲ್ಲಿ ಸ್ವರದಲ್ಲಿ ಮುಗಿಯುವ ಪದಕ್ಕೂ ಯೆರ್ ಅಂಟಿಸಿದ್ದನ್ನು ಕಂಡೆ. 1915ರ ಮೇಷ್ಟ್ರು ನೋಡಿದ್ದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು.

ಪ್ರಶ್ನೆ: ಸ್ಲಾವ್ ಅಲ್ಲದ ಭಾಷೆಗಳಿಗೂ ಸೋವಿಯತ್ ಕಾಲದಲ್ಲಿ ಸಿರಿಲಿಕ್ ಬಂತಲ್ಲ. ಅವರು ಈ ಅಕ್ಷರವನ್ನು ಏನು ಮಾಡಿದರು?

ಒಬ್ಬೊಬ್ಬರು ಒಂದೊಂದು ಕೆಲಸ ಕೊಟ್ಟರು. ಕಾಕಸಸ್ ಬೆಟ್ಟಗಳ ಭಾಷೆಗಳಲ್ಲಿ ಗಂಟಲಿನ ಆಳದ ಸದ್ದುಗಳು ಜಾಸ್ತಿ, ಅಕ್ಷರ ಕಮ್ಮಿ. ಹಾಗಾಗಿ ಕ್, ಖ್ ಮುಂತಾದವುಗಳ ಪಕ್ಕ ಯೆರ್ ನಿಲ್ಲಿಸಿ ಹೊಸ ಅಕ್ಷರ ಮಾಡಿಕೊಂಡರು. ಕಬರ್ದಿಯನ್ನಿನಲ್ಲಿ ಒಂದೇ ಒಂದು ವ್ಯಂಜನಕ್ಕೆ ನಾಲ್ಕು ಅಕ್ಷರ ಬರೆಯುವುದುಂಟು, ಅದರಲ್ಲಿ ಮೂರನೆಯದು ಯೆರ್. ಓದಲು ಹೊರಟ ನನ್ನ ಗಂಟಲು ಒಣಗಿತು.

ತಾಜಿಕ್ಕಿನಲ್ಲಿ ಬೇರೆ ಕಥೆ. ಅರಬ್ಬಿಯಿಂದ ಬಂದ ಪದಗಳಲ್ಲಿ 'ಐನ್' ಎಂಬ ಅಕ್ಷರ ಇತ್ತಲ್ಲ, ಗಂಟಲು ಸ್ವಲ್ಪ ಹಿಡಿದು ಬಿಡುವುದು, ಅದರ ಜಾಗಕ್ಕೆ ಯೆರ್ ಬಂದು ಕೂತಿತು. ಶುಕ್ರವಾರಕ್ಕೆ ಅವರು 'ಜುಮ್' ಬರೆದು, ಯೆರ್ ಇಟ್ಟು, 'ಆ' ಸೇರಿಸುತ್ತಾರೆ. ನಮ್ಮಲ್ಲಿ ಜುಮ್ಮಾ ಎನ್ನುವುದೂ ಅದೇ ಪದ. ಒಟ್ಟುಗೂಡಿಸುವುದಕ್ಕೆ 'ಜಮ್', ಕೊನೆಗೆ ಯೆರ್. ಇದೂ ನಿಮಗೆ ಗೊತ್ತು. ನಮ್ಮ ಲೆಕ್ಕದ ಪುಸ್ತಕದ 'ಜಮಾ-ಖರ್ಚು' ಇದೆಯಲ್ಲ, ಅದರ ಜಮಾ. ನಾವು ಕೊನೆಯ ಹಿಡಿತವನ್ನು ದೀರ್ಘ ಆ ಮಾಡಿಕೊಂಡೆವು, ಅವರು ಯೆರ್ ಬರೆದರು.

ಪ್ರಶ್ನೆ: ಮೊಬೈಲಿನ ರಷ್ಯನ್ ಕೀಲಿಮಣೆಯಲ್ಲಿ ಇದು ಸಿಗುತ್ತಲೇ ಇಲ್ಲ.

ಮೆದು ಗುರುತಿನ ಕೀಲಿಯನ್ನು ಒತ್ತಿ ಹಿಡಿಯಿರಿ. ಹೆಚ್ಚಿನ ಫೋನ್‌ಗಳಲ್ಲಿ ಅದರ ಹಿಂದೆ ಅಡಗಿರುತ್ತದೆ. ಈಗಿನ ರಷ್ಯನ್ ಬರಹದಲ್ಲಿ ಸಾವಿರ ಅಕ್ಷರಕ್ಕೆ ಒಂದೂ ಬರುವುದಿಲ್ಲ, ಹಾಗಾಗಿ ಅದಕ್ಕೆ ಸ್ವಂತ ಕೀಲಿ ಕೊಡುವ ಗೋಜಿಗೆ ಹೋಗಿಲ್ಲ.

ಪ್ರಶ್ನೆ: ನಾನು 1915ರಲ್ಲಿ ರಷ್ಯಾದಲ್ಲಿ ಇದ್ದಿದ್ದರೆ ನನ್ನ ಹೆಸರಿಗೂ ಈ ಬಾಲ ಬರುತ್ತಿತ್ತಾ? (ಆರನೇ ತರಗತಿಯ ಓದುಗ)

ನೀನು ಹೆಸರು ಬರೆದಿಲ್ಲವಲ್ಲ ಮರಿ! ಸುಲಭದ ಪರೀಕ್ಷೆ ಹೇಳುತ್ತೇನೆ. ಹೆಸರನ್ನು ಮನೆಯಲ್ಲಿ ಕರೆಯುವ ಹಾಗೆ ಜೋರಾಗಿ ಹೇಳು. ರಮೇಶ್, ಕಿರಣ್ ಅಂತ ವ್ಯಂಜನದಲ್ಲಿ ನಿಂತರೆ ಯೆರ್ ಬೇಕು. ಗಣೇಶ ಅಂತ ಪೂರ್ತಿ ಹೇಳಿದರೆ ಬೇಡ, ಕೊನೆಯಲ್ಲಿ ಅ ಇದೆ. ನಿನ್ನ ತಂಗಿ ಲಕ್ಷ್ಮಿ, ಗೌರಿ ಆಗಿದ್ದರೂ ಬೇಡ. ಇನ್ನು ನಿನ್ನ ಹೆಸರು ಮಧು ಅಂತ ಇದ್ದರೆ ನನಗೆ ಇನ್ನೊಂದು ಪತ್ರ ಬರಿ. 'ಮಧು'ವಿಗೂ ಜೇನಿಗೆ ರಷ್ಯನ್ನರು ಹೇಳುವ 'ಮ್ಯೋದ್'ಗೂ ಸಂಬಂಧ ಇದೆ. 1915ರಲ್ಲಿ ಆ ಮ್ಯೋದ್ ಕೊನೆಗೆ ಯೆರ್ ಇತ್ತು. ಅದು ನಿನ್ನ ಹೆಸರಿನ ಉಕಾರವೇ.